ಗರಗಸ ತಿಂದ ಲೆಕ್ಕ

ಶಾಲೆಯ ಬಡಗಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಒಂದನೇ ತರಗತಿ ಪಾಸು ಮಾಡುವ ಗ್ರಹಚಾರ ಒಕ್ಕರಿಸಿತು. ಚಿಕ್ಕಂದಿನಲ್ಲಿ ಹುಡುಗ ಉದ್ದ ಇದ್ದಾನೆಂದು ನೇರವಾಗಿ ಎರಡನೇ ತರಗತಿಯಲ್ಲಿ ಕೂರಿಸಿದ್ದರಂತೆ. ಎರಡರಿಂದ ಏಳರವರೆಗಿನ ಕಾಗದಗಳೆಲ್ಲ ಇದ್ದವು, ಒಂದರದ್ದು ಮಾತ್ರ ಇಲ್ಲ. ಹೊಸ ಗುಮಾಸ್ತ ಕಡತ ತಿರುವಿ, "ಬುನಾದಿನೇ ಇಲ್ವಲ್ಲ. ತಿಂಗಳೊಳಗೆ ಒಂದನೇ ಕ್ಲಾಸ್ ಪಾಸಾಗಿ, ಇಲ್ಲಾಂದ್ರೆ ಕೆಲಸ ಬಿಡಿ" ಅಂದ. ಅವನಿಗೇನು, ಕೂರಲು ಕುರ್ಚಿ ಸಿಕ್ಕಿತ್ತು.

ತಾನೇ ಮಾಡಿದ ಗಿಡ್ಡ ಬೆಂಚಿನ ಮೇಲೆ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ಬಡಗಿ ಮಕ್ಕಳ ಜೊತೆ ಕೂತ. ನೂರರವರೆಗೆ ಎಣಿಸಿದ. ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿದ. ತ್ರಿಕೋನಕ್ಕೆ ಬಣ್ಣ ಹಚ್ಚಿದ. ಎಲ್ಲ ನೀರು ಕುಡಿದಷ್ಟು ಸಲೀಸು. ಎಡವಿದ್ದು ಕಳೆಯುವ ಲೆಕ್ಕದಲ್ಲಿ. ಹತ್ತು ಗೇಣಿನ ಹಲಗೆಯಿಂದ ನಾಲ್ಕು ಗೇಣು ಕೊಯ್ದರೆ ಉಳಿಯುವುದೆಷ್ಟು?

"ಆರು" ಎಂದರು ಮಕ್ಕಳೆಲ್ಲ.

"ಆರಕ್ಕೆ ಕೂದಲಷ್ಟು ಕಮ್ಮಿ" ಎಂದ ಬಡಗಿ. "ಗರಗಸ ಹೋದ ದಾರೀಲಿ ಮರ ಪುಡಿಯಾಗಿ ಉದುರುತ್ತಲ್ಲ, ಅದನ್ನ ಯಾರ ಲೆಕ್ಕಕ್ಕೆ ಹಾಕೋಣ?"

ಟೀಚರ್ ಅವನ ಮಗಳ ವಯಸ್ಸಿನವಳು. "ಪರೀಕ್ಷೇಲೂ ಇದೇ ಬರುತ್ತೆ. ಆರು ಅಂತ ಬರೆದುಬಿಡಿ. ಒಂದು ತಪ್ಪಾದ್ರೂ ಗುಮಾಸ್ತರು ಫೇಲ್ ಮಾಡ್ತಾರೆ" ಎಂದು ಗೋಗರೆದಳು.

ಮನೆಯಲ್ಲಿ ಹೆಂಡತಿ ಗೋಗರೆಯಲಿಲ್ಲ. "ಹೊಟ್ಟೆಗಿಂತ ಮರದ ಹೊಟ್ಟು ಹೆಚ್ಚಾಯ್ತಾ ನಿಮಗೆ?" ಎಂದು ಒಂದೇ ಮಾತು ಕೇಳಿ ಒಳಗೆ ಹೋದಳು.

ಬಡಗಿಗೆ ನಿಜವಾಗಿಯೂ ಭಯವಾಯಿತು. ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಕೊಡುವವರು ಯಾರು? ಆದರೆ ಮೂವತ್ತು ವರ್ಷ ಮರಕ್ಕೆ ಸುಳ್ಳು ಹೇಳದ ಕೈ, 'ಆರು' ಬರೆಯಲು ಹೋದರೆ ಮೇಲೇಳುತ್ತಲೇ ಇರಲಿಲ್ಲ.

ಪರೀಕ್ಷೆಯ ದಿನ ಮಕ್ಕಳೆಲ್ಲ ಬರೆದು ಆಟಕ್ಕೆ ಓಡಿದರು. ಬಡಗಿ ಒಬ್ಬನೇ ಆ ಹಲಗೆಯ ಲೆಕ್ಕದ ಮುಂದೆ ಬೆವರುತ್ತಿದ್ದ. ಗಂಟೆ ಹೊಡೆಯುವ ಹೊತ್ತಿಗೆ ದಾರಿ ಹೊಳೆಯಿತು. ಉತ್ತರದ ಜಾಗದಲ್ಲಿ ದಪ್ಪಗೆ 'ಆರು' ಎಂದು ಬರೆದ. ಪ್ರಶ್ನೆಯಲ್ಲಿದ್ದ ನಾಲ್ಕರ ಪಕ್ಕ 'ಕೂದಲಷ್ಟು ಕಮ್ಮಿ' ಎಂದು ಸೇರಿಸಿ, ಗರಗಸ ತಿಂದ ಪುಡಿಯನ್ನು ಕೊಯ್ದ ತುಂಡಿನ ಲೆಕ್ಕಕ್ಕೆ ದಾಟಿಸಿಬಿಟ್ಟ.

ಗುಮಾಸ್ತ ಆ ಹಾಳೆಯನ್ನು ಎರಡು ದಿನ ತಿರುವಿ ತಿರುವಿ ನೋಡಿದ. ಉತ್ತರ ಸರಿಯಿತ್ತು. ಪ್ರಶ್ನೆಗೆ ಕೈ ಹಾಕಿದವನನ್ನು ಫೇಲ್ ಮಾಡುವ ನಿಯಮ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಹಲ್ಲು ಕಚ್ಚಿಕೊಂಡು ಪಾಸು ಮಾಡಿ, ನಡತೆಯ ಜಾಗದಲ್ಲಿ ಬರೆದ: 'ಎಲ್ಲದರಲ್ಲೂ ತಪ್ಪು ಹುಡುಕುವ ಚಾಳಿ ಇದೆ.'

ಬಡಗಿ ಕಾಗದವನ್ನು ಹೆಂಡತಿಯ ಕೈಗಿಟ್ಟ. ಆಕೆ ಓದಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಮದುವೆಯಾದ ವಾರಕ್ಕೇ ನಾನಿದನ್ನ ಹೇಳಿದ್ದೆ" ಎಂದಳು. "ಅವರಿಗೆ ತಿಂಗಳು ಬೇಕಾಯ್ತಾ?"