ಹಲಗೆಯ ಮೇಲಿನ ಸಾರು

ನನ್ನ ಚಿಕ್ಕಮ್ಮ ಮೂವತ್ತೊಂದು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ನಿಂತು, ಗಟ್ಟಿ ಊಟ ಸೇರದ ರೋಗಿಗಳಿಗೆ ಸಾರು ಕಾಯಿಸಿದವಳು. ಬೆಳಿಗ್ಗೆ ಆರಕ್ಕೆ ಬೇಳೆ, ಈರುಳ್ಳಿ, ಕ್ಯಾರೆಟ್ ದೊಡ್ಡ ಪಾತ್ರೆಗೆ ಬಿದ್ದರೆ ಹತ್ತರವರೆಗೆ ಸಣ್ಣ ಉರಿ. ಆತುರಪಡಿಸಿದವರಿಗೆ ಸೌಟು ತೋರಿಸುತ್ತಿದ್ದಳು. ದೊಡ್ಡ ಡಾಕ್ಟರನ್ನೂ ಬಿಟ್ಟಿರಲಿಲ್ಲ.

ಹೊಸದಾಗಿ ಬಂದ ಮೇಲ್ವಿಚಾರಕರು ಪುಡಿಯ ಪೊಟ್ಟಣಗಳನ್ನು ತರಿಸಿದರು. ಬಿಸಿನೀರಿಗೆ ಸುರಿದು ಕಲಕಿದರೆ ಎರಡೇ ನಿಮಿಷ, ಮುಗಿಯಿತು ಕೆಲಸ. ಊಟದ ಪಟ್ಟಿ ಬರೆಯುವ ಹಲಗೆಯ ಮೇಲೆ ಮಾತ್ರ ಹಿಂದಿನಂತೆಯೇ ‘ಸಾರು’ ಎಂದು ಬರೆಸುತ್ತಿದ್ದರು. ಚಿಕ್ಕಮ್ಮನ ಪಿತ್ತ ನೆತ್ತಿಗೇರಿತು. ಸೀದಾ ನನ್ನ ಹತ್ತಿರ ಬಂದಳು. ನಾನು ನಿಘಂಟು ತಯಾರಿಸುವ ಕಚೇರಿಯಲ್ಲಿ ಪದಗಳ ಅರ್ಥದ ಚೀಟಿ ಬರೆಯುವವಳು.

“ಸಾರು ಅಂದ್ರೆ ಏನು ಅಂತ ಬರ್ಕೊಡೇ. ಸೀಲು ಹೊಡೆದು ಕೊಡು. ನಾನು ಹೇಳಿದ್ರೆ ಆ ಮನುಷ್ಯನ ಕಿವಿಗೇ ಹೋಗಲ್ಲ. ಮತ್ತೆ ಒಲೆ ಹಚ್ಚಿಸ್ಬೇಕು ನಾನು.”

ಈ ಪದದ ಮೂಲದ ಬಗ್ಗೆ ನಮ್ಮ ಕಚೇರಿಯಲ್ಲೇ ಜಗಳವಿದೆ. ಸಂಸ್ಕೃತದ ‘ಸಾರ’ದಿಂದ ಬಂತು ಎನ್ನುವವರು ಒಂದು ಕಡೆ; ಅಲ್ಲ, ಇದು ನಮ್ಮದೇ ಹಳೆಯ ಮಾತು, ನೆರೆಯ ಭಾಷೆಯಲ್ಲಿ ಹಿಂಡಿದ ರಸಕ್ಕೂ ಇದನ್ನೇ ಹೇಳುತ್ತಾರೆ ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯ ಗುಂಪು. ಅದನ್ನೆಲ್ಲ ವಿವರಿಸಹೊರಟರೆ ಚಿಕ್ಕಮ್ಮ ಮೇಜು ಕುಟ್ಟಿದಳು.

“ಪದ ಎಲ್ಲಿಂದಾದ್ರೂ ಬರ್ಲಿ ಬಿಡೇ! ಸಾರು ಬೇಳೆ ಒಳಗಿಂದ ಬರ್ಬೇಕು ತಾನೇ?”

ಎರಡೂ ಗುಂಪಿನವರು ಒಪ್ಪುವುದು ಅಷ್ಟನ್ನೇ. ಬರೆದುಕೊಟ್ಟೆ: ‘ಸಾರು: ಪದಾರ್ಥ ಬೆಂದು ಅದರ ಸತ್ವ ನೀರಿಗಿಳಿದಾಗ ಸಿಗುವ ತಿಳಿ.’ ಸೀಲನ್ನೂ ಹೊಡೆದೆ. ಗೆದ್ದೇಬಿಟ್ಟೆವು ಎಂದುಕೊಂಡೆ, ಪೆದ್ದಿ.

ಮೇಲ್ವಿಚಾರಕರು ಚೀಟಿಯನ್ನು ಎರಡು ಸಲ ಓದಿದರಂತೆ. “ನೀವು ಹೇಳೋದು ಸರಿ ಇದೆ ಕಣಮ್ಮಾ. ತಪ್ಪು ನಮ್ದೇ” ಎಂದರಂತೆ. ಕೂಡಲೇ ಹಲಗೆ ಒರೆಸಿಸಿ ‘ಬಿಸಿ ಪಾನೀಯ’ ಎಂದು ಬರೆಸಿದರು. ಪೊಟ್ಟಣಗಳ ಬಳಕೆ ಹಾಗೇ ಮುಂದುವರಿಯಿತು. ದೊಡ್ಡ ಪಾತ್ರೆ ಉಗ್ರಾಣ ಸೇರಿತು.

ನನಗೆ ಮೈಯೆಲ್ಲ ಉರಿಯಿತು, ಅವರ ಮೇಲಿನದಕ್ಕಿಂತ ಹೆಚ್ಚಾಗಿ ನನ್ನ ಮೇಲೇ. ಆ ಪದ ಹಲಗೆಯ ಮೇಲಿದ್ದಷ್ಟು ದಿನ ಚಿಕ್ಕಮ್ಮನಿಗೆ ಜಗಳವಾಡಲು ಒಂದು ನೆಪವಾದರೂ ಇತ್ತು. ಅದನ್ನೂ ನಾನೇ ಕೈಯಾರೆ ಕಿತ್ತುಕೊಟ್ಟಿದ್ದೆ.

ಮರುದಿನ ಚಿಕ್ಕಮ್ಮ ಲೋಟಗಳ ಗಾಡಿ ತಳ್ಳಿಕೊಂಡು ವಾರ್ಡಿಗೆ ಹೋದಳು. ಗಂಟಲಿನ ಆಪರೇಷನ್ ಆಗಿದ್ದ ಮುದುಕರೊಬ್ಬರು ಒಂದು ಗುಟುಕು ಕುಡಿದು ಮುಖ ಕಿವುಚಿದರು.

“ಏನಮ್ಮಾ ಇದು?”

ಚಿಕ್ಕಮ್ಮ ಲೋಟದೊಳಗೆ ನೋಡಿದಳು.

“ಬಿಸಿ ಇದೆ,” ಎಂದಳು. “ಕುಡೀರಿ.”