ಕರಣಿ ಕೈಗೆ ಕೊಟ್ಟ ಬಾಜೂ ಮನೆಯವರು

ಅವರ ಎಡಗೈ ಹೆಬ್ಬೆರಳಿನ ಉಗುರು ಯಾವಾಗ ನೋಡಿದರೂ ಕರ್ರಗೆ ಇರುತ್ತಿತ್ತು. ಸುತ್ತಿಗೆ ಬಿದ್ದು ರಕ್ತ ಹೆಪ್ಪುಗಟ್ಟಿದ ಕಪ್ಪು ಅದು. ಹಳೇ ಉಗುರು ಉದುರಿ ಹೊಸದು ಇಣುಕುವಷ್ಟರಲ್ಲಿ ಮತ್ತೊಂದು ಏಟು ಬಿದ್ದಿರುತ್ತಿತ್ತು. ಮೊಳೆ ಹೊಡೆಯಲು ಬಾರದ ಮನುಷ್ಯ. ಆದರೆ ಮೊಳೆ ಹೊಡೆಯುವುದನ್ನು ಬಿಡದ ಮನುಷ್ಯ.

ನಮ್ಮ ಬಾಜೂ ಮನೆಯವರು ಅವರು. ಧಾರವಾಡದ ಕಡೆಯವರು, ಪುಣೆಯ ಒಂದು ಆಫೀಸಿನಲ್ಲಿ ಕಾರಕೂನರಾಗಿದ್ದು ರಿಟೈರಾದವರು. ನಾನು ಯಾದಗಿರಿ ಕಡೆಯವಳು. ಗಂಡನ ಜೊತೆ ಕೂಲಿಗೆ ಬಂದು, ವಿಮಾನ ನಗರದಲ್ಲಿ ಈಗ ಜನ ಥಂಡಿ ಹವಾದಲ್ಲಿ ಕೂತು ಕಾಫಿ ಕುಡಿಯುವ ಕಟ್ಟಡಗಳಿಗೆ ತಲೆ ಮೇಲೆ ಸಿಮೆಂಟಿನ ಮಾಲು ಹೊತ್ತವಳು. ಗಂಡ ತೀರಿಕೊಂಡ ಮೇಲೆ ಮಗ ರಾಂಜಣಗಾಂವದ ಒಂದು ಕಾರಖಾನೆಗೆ ಸೇರಿದ. ವಾಘೋಲಿಯ ಆಚೆ ಅರ್ಧ ಗುಂಠೆ ಜಾಗ ಹಿಡಿದು ಎರಡು ಖೋಲಿ ಎಬ್ಬಿಸಿದ. ಹೊಸ ಮನೆಗೆ ಹೋದ ದಿನವೇ ಈ ಮನುಷ್ಯ ಕಾಂಪೌಂಡಿನ ಆಚೆಯಿಂದ ತಲೆ ಎತ್ತಿ ಕನ್ನಡದಲ್ಲಿ ಮಾತಾಡಿಸಿದರು.

"ನಮಸ್ಕಾರ್ರಿ ಅಕ್ಕಾರ."

"ನಮಸ್ಕಾರ್ರಿ ಸಾಹೇಬ್ರ."

"ಸಾಹೇಬನ್ನ ಆಫೀಸಿನ್ಯಾಗ ಬಿಟ್ಟು ಬಂದೀನ್ರಿ. ಅಣ್ಣಾ ಅನ್ರಿ."

"ನಾ ಅಕ್ಕ ಹೆಂಗ ಆಗ್ತೀನ್ರಿ? ನಿಮ್ಮ ತಲಿ ನನಗಿಂತ ಬೆಳ್ಳಗದ."

"ಹಂಗಾದ್ರ ಇಬ್ರೂ ದೊಡ್ಡವರ ಆಗೂಣು. ನೀವು ಅಣ್ಣಾ ಅನ್ರಿ, ನಾ ಅಕ್ಕಾ ಅಂತೀನಿ."

ಹಾಗೇ ಆಯಿತು. ಅವರ ಹೆಂಡತಿ ನನಗೆ ವೈನಿ ಆದರು.

ಅಣ್ಣಾರಿಗೆ ಮನೆಯ ಕೆಲಸವೆಲ್ಲ ತಾವೇ ಮಾಡಬೇಕು ಎಂಬ ಹುಚ್ಚು. ಪುಣೆ ಕ್ಯಾಂಪಿನ ಹಳೇ ಬಾಜಾರಿಗೆ ಹೋಗಿ ಯಾರೋ ಬಿಟ್ಟ ಗರಗಸ, ತುಕ್ಕು ಹಿಡಿದ ಪಾನಾ, ಹಿಡಿಕೆ ಸಡಿಲಾದ ಸುತ್ತಿಗೆ ತರುತ್ತಿದ್ದರು. ಅಡುಗೆ ಮನೆಯಲ್ಲಿ ಅವರು ಹಚ್ಚಿದ ಫಳಿಯ ಮೇಲೆ ಡಬ್ಬಿ ಇಟ್ಟರೆ ಅದು ತಾನಾಗಿಯೇ ಸರಿಯುತ್ತಾ ಸರಿಯುತ್ತಾ ಮೂಲೆಗೆ ಹೋಗಿ ನಿಲ್ಲುತ್ತಿತ್ತು. ಗೇಟಿಗೆ ಬಣ್ಣ ಹಚ್ಚಿ, ಅದು ಒಣಗುವ ಮುಂಚೆಯೇ ಮುಚ್ಚಿ, ತೆಗೆಯಲು ಬಾರದೆ ತಾವೇ ಗೋಡೆ ಹತ್ತಿ ಹೊರಗೆ ಜಿಗಿದಿದ್ದರು.

ವೈನಿ ಕಟ್ಟೆಯ ಮೇಲೆ ಪಲ್ಯದ ಸೊಪ್ಪು ಸೋಸುತ್ತಾ ಹೇಳುತ್ತಿದ್ದರು: "ಜನ್ಮೆಲ್ಲ ಕುರ್ಚಿ ಮ್ಯಾಲ ಕುಂತ್ರು. ಈಗ ಆ ಸೇಡು ಮನಿ ಮ್ಯಾಲ ತೀರಸ್ಕೊಳ್ಳಾಕತ್ಯಾರ."

"ಕೇಳಸ್ತೈತಿ," ಎನ್ನುತ್ತಿದ್ದರು ಅಣ್ಣಾರು ಏಣಿಯ ಮೇಲಿಂದ.

"ಕೇಳಲಿ ಅಂತನ ಅನ್ನೋದು."

ಅವರಲ್ಲಿ ನನಗೆ ಅರ್ಥವಾಗದ ರೂಢಿ ಇನ್ನೊಂದಿತ್ತು. ಕೆಲಸ ಶುರು ಮಾಡುವ ಮುಂಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆ ಜಾಗದ ಎದುರು ಸುಮ್ಮನೆ ಕೂತು ಬಿಡುತ್ತಿದ್ದರು. ಬಿಸಿಲು ಎಲ್ಲಿ ಬೀಳುತ್ತದೆ, ಗಾಳಿ ಯಾವ ಕಡೆಯಿಂದ, ಬೆಕ್ಕು ಎಲ್ಲಿ ದಾಟುತ್ತದೆ, ಎಲ್ಲ ನೋಡುವುದು. ಮಳೆ ಬಂದರೆ ಛತ್ರಿ ಹಿಡಿದು ಅಂಗಳದಲ್ಲಿ ನಿಂತಿರುತ್ತಿದ್ದರು. ಓಣಿಯವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕೂಲಿ ಮಾಡಿದವಳಿಗೆ, ನೋಡುತ್ತಾ ಕೂತರೆ ಮುಕಾದಮ ಬೈಯುತ್ತಾನೆ ಎಂಬುದಷ್ಟೇ ಗೊತ್ತು.

ನಮ್ಮ ಮನೆ ಮುಂದಿನ ಅಂಗಳ ಆಗ ಬರೀ ಮಣ್ಣು. ನನಗೆ ಅದನ್ನು ನೋಡಿದರೆ ಆಗುತ್ತಿರಲಿಲ್ಲ. ಸೈಟಿನ ತಗಡಿನ ಪತ್ರಾ ಶೆಡ್ಡಿನಲ್ಲಿ ವರ್ಷಗಟ್ಟಲೆ ಇದ್ದವರಿಗೆ ಕೇಳಿ ನೋಡಿ. ಮಳೆಗಾಲದಲ್ಲಿ ಕೆಸರಿನಲ್ಲಿ ಒಲೆ, ಕೆಸರಿನಲ್ಲಿ ಹಾಸಿಗೆ, ಕೂಸಿನ ಬಾಯಲ್ಲೂ ಕೆಸರು. ಅದಕ್ಕೇ ನಮ್ಮ ಜನ ಸ್ವಂತ ಮನೆ ಮಾಡಿದರೆ ಮೊದಲು ಅಂಗಳ ಮುಚ್ಚುತ್ತಾರೆ. ಗೋಡೆಗೆ ಗಾರೆಯ ಗಿಲಾವು ಇರದಿದ್ದರೂ ನಡೆದೀತು, ಅಂಗಳಕ್ಕೆ ಸಿಮೆಂಟು ಬೇಕು. ನಾನೂ ಬಾಗಿಲಿನಿಂದ ಗೇಟಿನ ತನಕ, ಈ ಗೋಡೆಯಿಂದ ಆ ಗೋಡೆಯ ತನಕ, ಬೆರಳಷ್ಟೂ ಮಣ್ಣು ಕಾಣದಂತೆ ಹಾಕಿಸುವುದೆಂದು ನಿಶ್ಚಯ ಮಾಡಿದೆ.

ಅಣ್ಣಾರು ಕಾಂಪೌಂಡಿನ ಮೇಲೆ ಮೊಣಕೈ ಊರಿದರು. "ಅಕ್ಕಾರ, ಅವಸರ ಮಾಡಬ್ಯಾಡ್ರಿ. ಒಂದು ಮಳಿಗಾಲ ನೋಡ್ರಿ. ನೀರು ಎಲ್ಲಿಂದ ಬರ್ತದ, ಎಲ್ಲಿ ನಿಂದರ್ತದ, ತಿಳಕೊಂಡು ಹಾಕಸ್ರಿ."

"ಮಳಿ ನಾ ಬೇಕಾದಷ್ಟು ನೋಡೀನ್ರಿ ಅಣ್ಣಾರ. ನಿಮ್ಮಂಗ ಛತ್ರಿ ಹಿಡಕೊಂಡು ನೋಡಿಲ್ಲ ಅಷ್ಟ."

"ಗ್ವಾಡಿ ಬುಡಕ ಒಂದೀಟು ಮಣ್ಣರ ಬಿಡ್ರಿ. ಒಂದು ಕರಿಬೇವು ಹಚ್ಚಾಕಾಗ್ತದ."

"ಕರಿಬೇವು ಪೇಟ್ಯಾಗ ಸಿಗ್ತದ."

ನಮ್ಮ ಊರ ಕಡೆಯ ಒಬ್ಬ ಗೌಂಡಿಯನ್ನು ಹಿಡಿದು ಮಾಡಿಸಿದೆ. ಒಂದೇ ದಿನದ ಕೆಲಸ. ಕನ್ನಡಿಯಂತೆ ನುಣ್ಣಗೆ ಬಂತು. ಸಂಜೆ ಬರಿಗಾಲಲ್ಲಿ ಅದರ ಮೇಲೆ ಓಡಾಡಿದೆ. ಅಂಗಳದ ಢಾಳ, ಅಂದರೆ ಇಳಿಜಾರು, ಯಾವ ಕಡೆಗಿದೆ ಎಂದು ನಾನು ನೋಡಲಿಲ್ಲ. ಢಾಳ ನೋಡುವುದು ಗೌಂಡಿಯ ಕೆಲಸ, ಹೆಂಗಸಿನ ಕೆಲಸ ಹೊರುವುದು. ಸೈಟಿನಲ್ಲಿ ಹಾಗೇ ಕಲಿತಿದ್ದೆ. ಗೌಂಡಿಯೂ ನೋಡಿರಲಿಲ್ಲ ಎಂಬುದು ಮುಂಗಾರಿನ ಮಿರಗದ ಮಳೆ ಬಂದಾಗ ತಿಳಿಯಿತು.

ಗೇಟಿನ ಕಡೆ ಎತ್ತರ, ಬಾಗಿಲ ಕಡೆ ತಗ್ಗು. ಓಣಿಯ ನೀರೆಲ್ಲ ನನ್ನ ನುಣ್ಣನೆಯ ಸಿಮೆಂಟಿನ ಮೇಲೆ ಜಾರಿ, ಹೊಸ್ತಿಲು ದಾಟಿ, ನೆಟ್ಟಗೆ ಒಳಗೆ ಬಂತು. ಮೊದಲು ಮಣ್ಣಾದರೂ ಕುಡಿಯುತ್ತಿತ್ತು. ಈಗ ಕುಡಿಯುವವರು ಯಾರೂ ಇಲ್ಲ.

ಆಗ ನನ್ನ ಸೊಸೆಗೆ ತುಂಬಿದ ತಿಂಗಳು. ಅವಳಿಗೆ ತಾಯಿ ಇಲ್ಲ, ತವರಿಗೆ ಕಳಿಸುವ ಹಾಗಿಲ್ಲ. ಬಾಣಂತನ ಇಲ್ಲೇ, ನನ್ನ ಕೈಯಲ್ಲೇ ಆಗಬೇಕು. ಮಂಚದ ಮೇಲೆ ಕಾಲು ಮಡಿಚಿ ಕೂತು ಅವಳು ನೆಲ ನೋಡುತ್ತಿದ್ದಳು. ನಾನು ಪೊರಕೆ ಹಿಡಿದು ನೀರು ದೂಡುತ್ತಿದ್ದೆ. ದೂಡಿದಷ್ಟೂ ಬರುತ್ತಿತ್ತು.

"ಅತ್ತಿ, ಇಂಥಾದ್ರಾಗ ಕೂಸಿನ್ನ ಎಲ್ಲಿ ಮಲಗಸ್ಲಿ?" ಎಂದಳು.

ಥಂಡಿ ನೆಲದ ಶೆಡ್ಡಿನಲ್ಲಿ ಬಾಣಂತನ ಮಾಡಿಕೊಂಡವಳು ನಾನು. ಅದರಿಂದ ಏನಾಗುತ್ತದೆ ಎಂದು ನನಗೆ ಗೊತ್ತು, ಅದನ್ನು ಅವಳಿಗೆ ಹೇಳಲಿಲ್ಲ. ಗೌಂಡಿಗೆ ಫೋನ್ ಹಚ್ಚಿಸಿದರೆ ಅವನು ಬಿತ್ತಲು ಊರಿಗೆ ಹೋಗಿದ್ದ. ಮಿರಗ ಬಂತೆಂದರೆ ನಮ್ಮ ಕಡೆಯ ಗೌಂಡಿಗಳು ಒಬ್ಬರೂ ಪುಣೆಯಲ್ಲಿ ಇರುವುದಿಲ್ಲ. ಮಗನಿಗೆ ರಜೆ ಇಲ್ಲ.

ಮರುದಿನ ಮಳೆ ಬಿಟ್ಟ ಹೊತ್ತಿಗೆ ಅಣ್ಣಾರು ಕಬ್ಬಿಣದ ಹಾರೆ ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದರು. ಹಿಂದೆ ವೈನಿ ಚಹಾದ ಕೆಟಲಿ ಹಿಡಿದಿದ್ದರು. "ನಾ ಹೇಳಿದ್ದೆ" ಎಂಬ ಮಾತು ಬರುತ್ತದೆಂದು ನಾನು ಮುಖ ಗಟ್ಟಿ ಮಾಡಿಕೊಂಡೆ. ಬರಲಿಲ್ಲ. ಆಮೇಲೂ ಎಂದೂ ಬರಲಿಲ್ಲ.

"ಒಡಿಯೂಣೇನ್ರಿ?" ಎಂದರು ಅಷ್ಟೇ.

"ಒಡೀರಿ."

ಅವರು ಹಾಕಿದ ಏಟು ಸಿಮೆಂಟು ಬಿಟ್ಟು ತಮ್ಮ ಚಪ್ಪಲಿಗೇ ತಗುಲಿತು. ವೈನಿ ಕಣ್ಣು ಮುಚ್ಚಿಕೊಂಡರು. ನಾನು ಹಾರೆ ಕಸಿದುಕೊಂಡೆ. ಒಡೆಯುವುದು, ಹೊರುವುದು ನನಗೆ ಹೊಸದಲ್ಲ. ಬಾಗಿಲ ಮುಂದಿನ ತಗ್ಗಿನ ಸಿಮೆಂಟನ್ನೆಲ್ಲ ಎಬ್ಬಿಸಿದೆವು. ಬದಿಯ ಗೋಡೆಯ ಬುಡದಲ್ಲಿ ಉದ್ದಕ್ಕೂ ಒಂದು ಪಟ್ಟಿ ಮಣ್ಣು ತೆರೆದೆವು, ನೀರು ಅಲ್ಲಿಗೆ ಇಳಿಯಲಿ ಎಂದು. ಇನ್ನು ಬಾಗಿಲಿನಿಂದ ಆ ಮಣ್ಣಿನ ಕಡೆಗೆ ಢಾಳ ಕೊಟ್ಟು ಹೊಸದಾಗಿ ಸಿಮೆಂಟು ಹಾಕಬೇಕು. ಮೇಲೆ ತಾಡಪಾಲು ಕಟ್ಟಿ ಮಾಲು ಕಲಸಿದೆ. ಕಲಸಿ ದೂರ ಸರಿದು ನಿಂತೆ.

ಅಣ್ಣಾರು ತಮ್ಮ ಚೀಲದಿಂದ ಕರಣಿ ತೆಗೆದರು. ಗಿಲಾವು ಮಾಡುವ ಕರಣಿ, ಕ್ಯಾಂಪಿನಿಂದ ತಂದದ್ದು. ಹಿಡಿಕೆಯ ಕಡೆಯಿಂದ ನನ್ನತ್ತ ಚಾಚಿದರು.

"ನಾವು ಕರಣಿ ಹಿಡ್ಯಂಗಿಲ್ರಿ," ಎಂದೆ.

"ಯಾಕ್ರಿ?"

"ಹೆಂಗಸ್ರು ಹಿಡಿದ್ರ ಗಚ್ಚು ಬಿರೀತದ."

"ಯಾರು ಹೇಳಿದ್ರು?"

"ಗೌಂಡ್ಯಾರು."

"ಅವ್ರು ಹಾಕಿದ್ದು ಬಿರದಿಲ್ಲೇನು?"

ವಯಸ್ಸಿನಲ್ಲಿದ್ದಾಗ ಒಮ್ಮೆ ಕೈಗಂಟಿದ ಮಾಲು ಕೆರೆಯಲು ಗೌಂಡಿಯ ಕರಣಿ ಮುಟ್ಟಿದ್ದೆ. ಅವನು ಅದನ್ನು ನನ್ನೆದುರೇ ತೊಳೆದ. ಗಂಡ ಅಲ್ಲೇ ಇದ್ದ, ಸುಮ್ಮನಿದ್ದ. ಇಡೀ ಪುಣೆಗೆ ಮಾಲು ಹೊತ್ತೆ, ಒಂದು ಇಟ್ಟಿಗೆ ಕೂಡಿಸಲಿಲ್ಲ.

"ನೋಡ್ರಿ ಅಕ್ಕಾರ," ಎಂದರು ಅಣ್ಣಾರು. "ನನ್ನ ಕೆಲಸ ನೀವು ನೋಡೀರಿ. ನಾ ಹಾಕಿದ್ರ ನೀರು ಈ ಸಲ ಅಡಿಗಿ ಮನಿಗೇ ಹೋಗ್ತಾವ. ಮನಿ ನಿಮ್ಮದು, ಬರೂ ಕೂಸು ನಿಮ್ಮದು. ಹಿಡೀರಿ."

ಹಿಡಿದೆ. ಮೊದಲ ಸಲ ಹಾಕಿದ್ದು ಎಮ್ಮೆ ಸೆಗಣಿ ಹಾಕಿದ ಹಾಗೆ ಬಿತ್ತು.

"ಭಾಳ ಚಲೋ ಬಂದದ," ಎಂದರು.

"ಸುಳ್ಳು ಹೇಳಬ್ಯಾಡ್ರಿ."

"ಹಂಗಾರ ಭಾಳ ಕೆಟ್ಟ ಬಂದದ. ತಗದು ಮತ್ತ ಹಾಕ್ರಿ."

ತೆಗೆದೆ, ಹಾಕಿದೆ. ತೆಗೆದೆ, ಹಾಕಿದೆ. ಅವರು ನಡುವೆ ಕೈ ಹಾಕಲಿಲ್ಲ. ಮಾಲು ಮುಗಿಯಿತು. ನಾನು ಎದ್ದು ತರಬೇಕೆನ್ನುವಷ್ಟರಲ್ಲಿ ಅವರು ಘಮೇಲಿ ಬುಟ್ಟಿ ತುಂಬಿಸಿಕೊಂಡು, ತಲೆ ಮೇಲೆ ಟವೆಲ್ಲು ಸುತ್ತಿ, ತಡವರಿಸುತ್ತಾ ಹೊತ್ತು ತಂದು ನನ್ನ ಪಕ್ಕದಲ್ಲಿ ಇಳಿಸಿದರು. ಸಿಮೆಂಟಿನ ನೀರು ಕಿವಿಯ ಮೇಲೆ ಇಳಿಯುತ್ತಿತ್ತು. ನನ್ನ ಜನ್ಮದಲ್ಲಿ ಒಬ್ಬ ಗಂಡಸು ನನಗೆ ಮಾಲು ಹೊತ್ತು ತಂದುಕೊಟ್ಟದ್ದು ಅದೇ ಮೊದಲು. ಆಗ ಅದನ್ನೆಲ್ಲ ಯೋಚಿಸಲಿಲ್ಲ. "ಭಾಳ ತೆಳ್ಳಗಾಗೇದ, ಉಸುಕು ಹಾಕ್ರಿ," ಎಂದು ಬೈದೆ.

ಎದುರು ಮನೆಯ ನಮ್ಮ ಕಡೆಯವಳು ಗೇಟಿನಲ್ಲಿ ನಿಂತು ನಕ್ಕಳು. "ಏನ್ ಯವ್ವಾ, ಗೌಂಡಿ ಆದೇನು?"

"ಆದೆ. ನಿನಗೇನಾಗ್ಬೇಕು?"

ಸೊಸೆ ದವಾಖಾನೆಯಿಂದ ಹೆಣ್ಣು ಕೂಸು ಹಿಡಿದು ಬಂದ ವಾರದಲ್ಲೇ ಸಂಜೆ ಮಳೆ ಹೊಡೆಯಿತು. ಒಳಗೆ ಸೊಸೆ ಕೂಸಿಗೆ ಹಾಲು ಕುಡಿಸುತ್ತಿದ್ದಳು. ನಾನು ಹೊಸ್ತಿಲಲ್ಲಿ ಕೂತೆ. ನೀರು ಗೇಟಿನಿಂದ ಒಳಗೆ ಬಂತು, ಬಾಗಿಲ ಕಡೆಗೆ ಬಂತು, ನನ್ನ ಗಚ್ಚಿನ ಅಂಚಿಗೆ ಬಂದು ಒಂದು ಕ್ಷಣ ಯೋಚನೆ ಮಾಡಿದಂತೆ ನಿಂತಿತು. ಆಮೇಲೆ ತಿರುಗಿ ಮಣ್ಣಿಗೆ ಹೋಯಿತು. ಕಾಂಪೌಂಡಿನ ಆಚೆ ಛತ್ರಿ ಕಾಣಿಸಿತು. ಅವರೂ ನೋಡುತ್ತಿದ್ದರು. ಮಳೆ ನಿಂತ ಮೇಲೆ ಸೊಸೆ ಕಾಲು ಕೆಳಗಿಟ್ಟಳು. ನೆಲ ಒಣಗಿಯೇ ಇತ್ತು.

ಅಂದಿನಿಂದ ನಮ್ಮ ಮನೆಯ ಗಿಲಾವು ನಾನೇ ಹಾಕಿದ್ದು. ಮೋರಿಯ ಕಟ್ಟೆ ನಾನೇ ಕಟ್ಟಿದ್ದು. ಆ ಕರಣಿಯನ್ನು ಅಣ್ಣಾರು ವಾಪಸ್ಸು ಕೇಳಲಿಲ್ಲ, ನಾನು ಕೊಡಲೂ ಇಲ್ಲ.

ಹೋದ ವರ್ಷ ದೀಪಾವಳಿಯ ಮುಂದೆ ಎದೆ ನೋಯುತ್ತದೆ ಎಂದು ದವಾಖಾನೆಗೆ ಹೋದ ಅಣ್ಣಾರು ತಿರುಗಿ ಬರಲಿಲ್ಲ. ಮಂದಿ ಬಹಳ ಅತ್ತರು. ನನಗೆ ಅಳು ಬರಲಿಲ್ಲ. ಬಂದವರಿಗೆ ಚಹಾ ಮಾಡಿಕೊಟ್ಟೆ.

ದಿನಕರ್ಮ ಮುಗಿದ ಮೇಲೆ ವೈನಿ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಇಳಿಯಲು ಅಣ್ಣಾರು ಒಂದು ಮೆಟ್ಟಿಲು ಕಟ್ಟಿದ್ದರು. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ವೈನಿಯ ಕಾಲು ಅಲ್ಲಿ ದಿನಾ ಹೊರಳುತ್ತಿತ್ತಂತೆ.

"ಅವ್ರಿಗೆ ಹೇಳ್ಲಿಲ್ಲೇನ್ರಿ?"

"ಎಲ್ಲಾದಕ್ಕೂ ಅಂದೀನಿ. ಇದಕ್ಕೊಂದು ಅಂದಿಲ್ಲ. ಇದು ನನ್ನ ಸಲುವಾಗಿ ಕಟ್ಟಿದ್ರು. ಈಗ ಒಡದು ಸರಿ ಮಾಡಿ ಕೊಡವಾ."

ಊರಿಂದ ಬಂದ ಅಣ್ಣಾರ ಮಗಳಿಗೆ ಇದು ಸರಿಬರಲಿಲ್ಲ. "ಅಪ್ಪಾಜಿ ಕೈಯಾರೆ ಮಾಡಿದ್ದು, ಇರ್ಲಿ ಬಿಡವ್ವಾ, ನೆನಪಿಗೆ," ಎಂದಳು.

"ನೆನಸ್ಕೋತ ಬಿದ್ದು ಕಾಲು ಮುರಕೊಳ್ಳೇನು?" ಎಂದರು ವೈನಿ.

ಮಗಳು ಅಳುತ್ತಾ ಒಳಗೆ ಹೋದಳು. ನಾನು ಒಡೆದೆ. ಗಟ್ಟಿಯಾಗಿತ್ತು, ಸುಳ್ಳು ಹೇಳಬಾರದು. ಸಿಮೆಂಟು ಕೈ ಬಿಚ್ಚಿ ಹಾಕಿದ್ದರು. ಅವರು ಕೊಟ್ಟ ಕರಣಿಯಿಂದ ಅವರ ಮೆಟ್ಟಿಲು ತೆಗೆದು ನೆಟ್ಟಗೆ ಕಟ್ಟಿದೆ. ಅವರಿದ್ದಿದ್ದರೆ ಕುರ್ಚಿ ಎಳೆದುಕೊಂಡು ಕೂತು ನೋಡುತ್ತಿದ್ದರು, ಬೇಜಾರಾಗುತ್ತಿರಲಿಲ್ಲ. ಅವರ ಋಣ ತೀರಿಸಲು ಬೇರೆ ದಾರಿ ನನಗೆ ಗೊತ್ತಿಲ್ಲ. ತೀರಿದೆ ಎಂದೂ ಹೇಳುವುದಿಲ್ಲ.

ಗಚ್ಚು ಗಟ್ಟಿಯಾದ ಮೇಲೆ ವೈನಿ ಸೀರೆಯ ನಿರಿಗೆ ಎತ್ತಿ ಹಿಡಿದು ಇಳಿದರು, ಹತ್ತಿದರು, ಮತ್ತೆ ಇಳಿದರು. ಕಾಲು ಹೊರಳಲಿಲ್ಲ.

"ಈಗ ಸರಿ ಆತು," ಎಂದರು.

ಆಮೇಲೆ ಅದೇ ಮೆಟ್ಟಿಲ ಮೇಲೆ ಕೂತರು. ಒಗೆಯಲು ಬಟ್ಟೆ ಏನೂ ಇರಲಿಲ್ಲ. ಆದರೂ ಬಹಳ ಹೊತ್ತು ಒಳಗೆ ಹೋಗಲಿಲ್ಲ.