ಕಪಾಟಿನೊಳಗಿನ ನೀರು

ಕಳೆದ ವಾರ ಹಳೆಯ ಪ್ರಾಕ್ಟಿಕಲ್ ರೆಕಾರ್ಡ್ ತೆರೆದಾಗ ಕರ್ಪೂರದಂಥ, ಜೊತೆಗೆ ತೊಯ್ದ ಮಣ್ಣಿನಂಥ ವಾಸನೆ ಬಂತು. ಹಾಳೆಗಳ ನಡುವೆ ಒಂದು ಎಲೆ. ಕಿರುಬೆರಳಿನಷ್ಟು ಉದ್ದ, ಅಂಚು ಒಳಗೆ ಮಡಚಿದೆ, ಕೆಳಬದಿಗೆ ತುಕ್ಕು ಬಣ್ಣದ ರೋಮ.

ನಾನು ಶಹಾಪುರದಲ್ಲಿ ಬಿ.ಎಸ್ಸಿ. ಓದುವಾಗ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಒಬ್ಬ ಅಟೆಂಡರ್ ಇದ್ದರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಒಣಗಿಸಿದ ಗಿಡಗಳ ಕಪಾಟುಗಳು ಅವರ ವಶದಲ್ಲಿದ್ದವು. ಅವುಗಳಲ್ಲಿ ಪರದೇಶದ ಗಿಡ ಒಂದೇ. ಉತ್ತರದ ಶೀತ ನಾಡಿನ ಜೌಗಿನಲ್ಲಿ, ಹಿಮದ ಕೆಳಗೂ ಎಲೆ ಉದುರಿಸದೆ ನಿಲ್ಲುವ, ಬಿಳಿ ಹೂಗೊಂಚಲಿನ ಪೊದೆ. ಯಾರು ಕಳಿಸಿದ್ದರೋ... ಚೀಟಿಯಲ್ಲಿ ಕಳಿಸಿದವರ ಹೆಸರಿನ ಶಾಯಿ ಅಳಿಸಿತ್ತು. ಹಾಳೆಗೆ ಹೊಲಿದ ಆ ಟೊಂಗೆಯ ಪಕ್ಕದಲ್ಲಿ ಕಾಕಾ ದಿನಾ ಒಂದು ಬಟ್ಟಲು ನೀರು ಇಡುತ್ತಿದ್ದರು.

ಒಣಗಿದ ಗಿಡಕ್ಕೆ ನೀರೇಕೆ ಎಂದು ಕೇಳಿದೆ.

"ಜವಳು ನೆಲದಾಗ ಹುಟ್ಟಿದಾಕಿ ನೋಡವ್ವಾ. ನಮ್ಮ ಬಿಸಲಿಗಿ ಬಂದು ಕುಂತಾಳ. ಮನಿಗಿ ಬಂದವರಿಗಿ ಮೊದಲ ನೀರು ಕೊಡದಿದ್ದರ ಹೆಂಗ?"

"ಹಂಗಾದ್ರ ಚಾನೂ ಕೊಡ್ರಿ ಕಾಕಾ," ಎಂದು ಗೆಳತಿಯರು ಚೇಷ್ಟೆ ಮಾಡಿದರು.

ನಾನು ನಗಲಿಲ್ಲ. ಪರೀಕ್ಷಿಸಿದೆ. ಪಕ್ಕದ ಕಪಾಟಿನಲ್ಲೂ ಅಂಥದೇ ಗಾಜಿನ ಬಟ್ಟಲು ಇಟ್ಟು, ಎರಡಕ್ಕೂ ನೀರಿನ ಮಟ್ಟಕ್ಕೆ ಗೆರೆ ಹಾಕಿ, ಬೀಗದ ಕೀಲಿಗಳನ್ನು ಕಾಕಾರಿಂದ ಕೇಳಿ ಪಡೆದು ಮನೆಗೊಯ್ದೆ. ಮರುದಿನ ನನ್ನ ಬಟ್ಟಲಿನ ನೀರು ಗೆರೆಗಿಂತ ಕೂದಲೆಳೆಯಷ್ಟು ಇಳಿದಿತ್ತು. ಗಿಡದ ಬಟ್ಟಲು ಬರಿದಾಗಿತ್ತು. ಮೂರು ಸಲ ಹಾಗೆಯೇ ಆಯಿತು...

ಕೆಲವು ತಿಂಗಳ ನಂತರ ಕಾಕಾ ಕಣ್ಣಿನ ಆಪರೇಷನ್‌ಗೆ ಕಲಬುರಗಿಗೆ ಹೊರಟರು. ಕೀಲಿ ನನಗೇ ಕೊಟ್ಟು, ಹತ್ತು ದಿನ ನೀರು ತಪ್ಪಿಸಬೇಡ ಎಂದರು. ಆಗಲಿ ಎಂದೆ. ಇಡಲಿಲ್ಲ. ತೇವಕ್ಕೆ ಹಾಳೆಗಳು ಬೂಷ್ಟು ಹಿಡಿಯುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಆ ಕಪಾಟು ತೆರೆಯಲು ಅಂಜಿಕೆಯಾಗಿತ್ತು.

ಕಪ್ಪು ಕನ್ನಡಕ ಹಾಕಿಕೊಂಡು ಮರಳಿದ ಕಾಕಾ ಕೇಳಿದಾಗ, ದಿನಾ ಇಟ್ಟೆ ಎಂದು ಸುಳ್ಳು ಹೇಳಿದೆ. ಅವರು ಕಪಾಟು ತೆರೆದರು. ಟೊಂಗೆ ಬೋಳಾಗಿತ್ತು. ಹಾಳೆಯ ಮೇಲೆ ಒಂದೂ ಎಲೆ ಬಿದ್ದಿರಲಿಲ್ಲ. ಎಲ್ಲವೂ ಒಣ ಬಟ್ಟಲಿನೊಳಗಿದ್ದವು.

ಕಾಕಾ ಬೈಯಲಿಲ್ಲ. ಬಟ್ಟಲಿನ ತಳವನ್ನು ಬೆರಳಿನಿಂದ ಸವರಿದರು.

"ನೀರು ಕೇಳಾಕ ಇಲ್ಲಿತನಕ ಬಂದಾಳಲ್ಲವ್ವಾ," ಎಂದರು, ಅಷ್ಟೆ. ಒಂದು ಎಲೆ ಎತ್ತಿ ನನ್ನ ರೆಕಾರ್ಡಿನಲ್ಲಿಟ್ಟರು. ಕೀಲಿ ಮತ್ತೆಂದೂ ನನಗೆ ಕೊಡಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರಂತೆ. ನನಗೆ ತಿಳಿದದ್ದು ತಡವಾಗಿ... ಆ ಸುಳ್ಳನ್ನು ಒಪ್ಪಿಕೊಳ್ಳಲು ಈಗ ಎದುರಿಗೆ ಯಾರೂ ಇಲ್ಲ.

ಯಾದಗಿರಿಯ ನನ್ನ ಕೋಣೆಯಲ್ಲಿ ಆ ಎಲೆಯ ಪಕ್ಕ ಒಂದು ಬಟ್ಟಲು ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ತುಂಬಿಸುತ್ತೇನೆ. ಗೆರೆ ಹಾಕಿಲ್ಲ.